ಚಪ್ಪಟೆ ತಗಡಿನ ಮೇಲಿನ ಪ್ರದರ್ಶನ ನೋಡಿ ಪಾಲಿಶ್ ರೋಬೋಟ್ ಕೊಳ್ಳಬೇಡಿ

ಬಾಗು ಮೈಯ ಲೋಹದ ಭಾಗಗಳನ್ನು ಪಾಲಿಶ್ ಮಾಡಲು ಬಲ ಸಂವೇದಕವಿರುವ (ಎಷ್ಟು ಬಲದಿಂದ ಒತ್ತುತ್ತಿದೆ ಎಂದು ಅಳೆಯುವ) ರೋಬೋಟ್ ತೋಳನ್ನು ಕೊಳ್ಳುವ ಯೋಚನೆ ನಿಮಗಿದ್ದರೆ, ಹಣ ಕೊಡುವ ಮೊದಲು ಇದನ್ನು ಓದಿ. ನಮಗೆ ಪೂರೈಕೆದಾರರು ಚಪ್ಪಟೆ ತಗಡಿನ ಮೇಲೆ ಕೆಲಸ ಮಾಡಿ ತೋರಿಸಿದರು. ಪರದೆಯ ಮೇಲೆ ಬಲದ ಗೆರೆ 20 ನ್ಯೂಟನ್‌ನಲ್ಲಿ ಅಲುಗದೆ ನಿಂತಿತ್ತು, ತಗಡು ಕನ್ನಡಿಯಂತೆ ಹೊಳೆಯಿತು. ಅದೇ ವ್ಯವಸ್ಥೆ ನಮ್ಮ ಟರ್ಬೈನ್ ಅಲಗುಗಳ ಮೇಲೆ ಓಡಿದಾಗ ಅಂಚುಗಳು ಸವೆದು ದುಂಡಗಾದವು, ಬುಡದ ಬಳಿ ಯಂತ್ರದ ಗೀರುಗಳು ಇದ್ದ ಹಾಗೆಯೇ ಉಳಿದವು. ಸವೆದುಹೋದ ಅಂಚನ್ನು ಮತ್ತೆ ತರಲಾಗುವುದಿಲ್ಲ. ಆ ಅಲಗುಗಳು ಗುಜರಿಗೆ ಹೋದವು. ಕೇಳಿದರೆ ಪೂರೈಕೆದಾರರದು ಒಂದೇ ಉತ್ತರ: ದಾಖಲೆಯಲ್ಲಿ ಬಲ 20 ನ್ಯೂಟನ್ ಇದೆಯಲ್ಲ!

ಆ ಅಂಕಿ ನಿಜವೆಂದೇ ಇಟ್ಟುಕೊಳ್ಳೋಣ. ಲೋಹವನ್ನು ಸವೆಸುವುದು ಬರಿಯ ಬಲವಲ್ಲ, ಒತ್ತಡ. ಗಾಜಿನ ಪಾಲಿಶ್ ಕುರಿತು ಪ್ರೆಸ್ಟನ್ ಎಂಬ ವಿಜ್ಞಾನಿ 1927ರಲ್ಲೇ ಹೇಳಿದ್ದು ಇದನ್ನೇ: ಸವೆತದ ದರ ಒತ್ತಡ ಮತ್ತು ಉಜ್ಜುವ ವೇಗಗಳ ಗುಣಲಬ್ಧವನ್ನು ಅನುಸರಿಸುತ್ತದೆ. ಅಂಚಿನಲ್ಲಿ ಪಾಲಿಶ್ ಮಾಡುವ ಪ್ಯಾಡ್ ತಾಗುವ ಜಾಗ ಅರ್ಧಕ್ಕಿಳಿದರೆ ಅದೇ ಬಲಕ್ಕೆ ಸರಾಸರಿ ಒತ್ತಡ ಇಮ್ಮಡಿಯಾಗುತ್ತದೆ. ತಿರುವಿನಲ್ಲಿ ತೋಳು ನಿಧಾನವಾಗುವುದರಿಂದ ಪ್ಯಾಡ್ ಅಲ್ಲಿಯೇ ಹೆಚ್ಚು ಹೊತ್ತು ಉಜ್ಜುತ್ತದೆ. ಅಂಚು ಬಂದಾಗ ಬಲವನ್ನು ತಗ್ಗಿಸುವ ಒಂದು ಸಾಲೂ ಆ ಪ್ರೋಗ್ರಾಂನಲ್ಲಿ ಇರಲಿಲ್ಲ.

ಇನ್ನು ಬುಡದ ಗೀರುಗಳು. ಅಲ್ಲಿ ಅಂಕಿಯೇ ಸುಳ್ಳಾಗಿತ್ತು. ಸಂವೇದಕ ಇರುವುದು ತೋಳಿನ ಮಣಿಕಟ್ಟಿನಲ್ಲಿ. ಅದರ ಕೆಳಗೆ ತೂಗುವ, ಪ್ಯಾಡನ್ನು ತಿರುಗಿಸುವ ಸ್ಪಿಂಡಲಿನ ಭಾರವೂ ಅದಕ್ಕೆ ಬಲವೇ. ಎರಡು ಕಿಲೋ ಸ್ಪಿಂಡಲ್ ಎಂದರೆ ಸುಮಾರು 20 ನ್ಯೂಟನ್. ಉಪಕರಣ ನೆಲ ನೋಡುತ್ತಿರುವಾಗ ಸಂವೇದಕದ ಅಂಕಿಯನ್ನು ಸೊನ್ನೆಗೆ ತಂದು, ಆಮೇಲೆ ಉಪಕರಣವನ್ನು ಅಡ್ಡಲಾಗಿ ತಿರುಗಿಸಿದರೆ, ಏನನ್ನೂ ಮುಟ್ಟದೆಯೇ 20 ನ್ಯೂಟನ್ ಒತ್ತುತ್ತಿರುವಂತೆ ಸಂವೇದಕ ತೋರಿಸುತ್ತದೆ. ಬೇಕಾದ ಬಲ ಸಿಕ್ಕಿತೆಂದು ನಿಯಂತ್ರಕ ಒತ್ತುವುದನ್ನೇ ನಿಲ್ಲಿಸುತ್ತದೆ. ಉಪಕರಣದ ತೂಕ ಮತ್ತು ಗುರುತ್ವ ಕೇಂದ್ರವನ್ನು ಅಳೆದು, ಪ್ರತಿ ಭಂಗಿಯಲ್ಲೂ ಆ ಭಾರವನ್ನು ಸಂವೇದಕದ ಅಂಕಿಯಿಂದ ಕಳೆಯಬೇಕು. ನಮ್ಮಲ್ಲಿ ಅದನ್ನು ಮಾಡಿಯೇ ಇರಲಿಲ್ಲ. ಚಪ್ಪಟೆ ತಗಡಿನ ಮೇಲೆ ಉಪಕರಣ ಎಂದೂ ವಾಲುವುದಿಲ್ಲ, ಹಾಗಾಗಿ ಈ ದೋಷ ಪ್ರದರ್ಶನದಲ್ಲಿ ಕಾಣಿಸಿಕೊಳ್ಳಲು ಸಾಧ್ಯವೇ ಇಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಪರೀಕ್ಷೆ ಸುಲಭ. ಗಾಳಿಯ ಕೊಳವೆ, ತಂತಿ ಎಲ್ಲವನ್ನೂ ಜೋಡಿಸಿ, ಸ್ಪಿಂಡಲ್ ಓಡಿಸಿ, ಏನನ್ನೂ ಮುಟ್ಟದೆ ತೋಳನ್ನು ಕೆಲಸದ ಎಲ್ಲ ಭಂಗಿಗಳಲ್ಲೂ ತಿರುಗಿಸಲು ಹೇಳಿ. ಬಲದ ಅಂಕಿ ಸೊನ್ನೆಯ ಆಸುಪಾಸಿನಲ್ಲೇ ಇರಬೇಕು. ಕೊಳವೆ ಎಳೆದರೂ ಅಲ್ಲೇ ಗೊತ್ತಾಗುತ್ತದೆ. ಸಂವೇದಕ ಬಿಸಿಯಾದಂತೆ ಸೊನ್ನೆ ಸರಿಯುವುದುಂಟು, ಆದ್ದರಿಂದ ಯಂತ್ರ ಸಾಕಷ್ಟು ಹೊತ್ತು ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಅಪಾಯದ ಮಾತೂ ಒಂದಿದೆ. ಪ್ಯಾಡ್ ಅಂಚು ದಾಟಿ ಸ್ಪರ್ಶ ತಪ್ಪಿದಾಗ, ಕಳೆದುಹೋದ ಬಲವನ್ನು ಹುಡುಕುತ್ತ ತೋಳು ಮುಂದಕ್ಕೆ ನುಗ್ಗುತ್ತದೆ. ನಮ್ಮಲ್ಲಿ ಅದು ಅಲಗನ್ನು ಬಿಗಿದಿಡುವ ಹಿಡಿಕೆಗೆ ಬಡಿದು ನಿಂತಿತು, ಹತ್ತಿರ ಯಾರೂ ಇರಲಿಲ್ಲ. ಹೀಗೆ ಹುಡುಕುವಾಗಿನ ವೇಗಕ್ಕೂ ದೂರಕ್ಕೂ ಮಿತಿ ಹಾಕಿರುವುದನ್ನು ಕಣ್ಣಾರೆ ನೋಡದೆ ಯಂತ್ರವನ್ನು ಒಪ್ಪಿಕೊಳ್ಳಬೇಡಿ. ಕೊನೆಯ ಕಂತಿನ ಹಣವನ್ನು ನಿಮ್ಮದೇ ಭಾಗದ ಅತಿ ಕಷ್ಟದ ಮೂಲೆ ಸರಿಯಾಗಿ ಬಂದ ಮೇಲೆಯೇ ಕೊಡುವುದಾಗಿ ಒಪ್ಪಂದದಲ್ಲಿ ಬರೆಸಿಕೊಳ್ಳಿ.