ವೇಕ್‌ಬೋರ್ಡ್ ದೋಣಿಗೆ ಎರಡು ಆಕ್ಸಲ್‌ಗಳ ಟ್ರೇಲರ್
ಟೆಕ್ಸಾಸ್‌ನ ಆಸ್ಟಿನ್ ಬಳಿಯಿರುವ ಲೇಕ್ ಟ್ರಾವಿಸ್‌ಗೆ ನಮ್ಮ 21 ಅಡಿ ಉದ್ದದ ವೇಕ್‌ಬೋರ್ಡ್ ದೋಣಿಯನ್ನು (ಹಲಗೆಯ ಮೇಲೆ ನಿಂತವರನ್ನು ಹಗ್ಗದಿಂದ ನೀರಿನ ಮೇಲೆ ಎಳೆಯುವ ದೋಣಿ) ಒಯ್ಯಲು ಕೊಂಡ ಈ ಟ್ರೇಲರನ್ನು ಎರಡು ಬೇಸಿಗೆ ಬಳಸಿದ ಮೇಲೆ ಈ ಅಭಿಪ್ರಾಯ ಬರೆಯುತ್ತಿದ್ದೇನೆ.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದರ ಬಂಕ್‌ಗಳು. ಕಾರ್ಪೆಟ್ ಹೊದಿಸಿದ ಈ ಉದ್ದನೆಯ ಆಸರೆ ಹಲಗೆಗಳು ದೋಣಿಯ ತಳದ ಆಕಾರಕ್ಕೆ ಸರಿಯಾಗಿ ಹೊಂದಿಕೊಂಡು ಭಾರವನ್ನು ಉದ್ದಕ್ಕೂ ಹಂಚುತ್ತವೆ. ನಮ್ಮದರಂಥ ಇನ್‌ಬೋರ್ಡ್ (ಎಂಜಿನ್ ಒಳಗೇ ಇರುವ) ದೋಣಿಗಳಲ್ಲಿ ಪ್ರೊಪೆಲರ್, ಅದರ ಶಾಫ್ಟ್ ಮತ್ತು ದಿಕ್ಕು ಸ್ಥಿರವಾಗಿಡುವ ಫಿನ್‌ಗಳು ತಳದ ಕೆಳಗೇ ಇರುವುದರಿಂದ, ಔಟ್‌ಬೋರ್ಡ್ (ಎಂಜಿನ್ ಹಿಂಬದಿಯ ಹೊರಗೆ ತೂಗುವ) ದೋಣಿಗೆಂದು ಮಾಡಿದ ಟ್ರೇಲರಿನ ಅಡ್ಡಪಟ್ಟಿಗಳು ಅವುಗಳಿಗೆ ತಗಲಬಹುದು. ಬೆಲೆ ಕಡಿಮೆಯೆಂದು ಹಳೆಯ ಟ್ರೇಲರ್ ಕೊಳ್ಳುವವರು ದಯವಿಟ್ಟು ಮೊದಲು ಇದನ್ನು ಅಳೆದು ನೋಡಬೇಕು.

ತೂಕದ ವಿಷಯದಲ್ಲಿ ಕಂಪನಿ ಮುದ್ರಿಸುವ ದೋಣಿಯ ಒಣ ತೂಕವನ್ನಷ್ಟೇ (ಇಂಧನ, ಸಾಮಾನು ಇಲ್ಲದ ಖಾಲಿ ತೂಕ) ನಂಬುವಂತಿಲ್ಲ. ಒಂದು ಗ್ಯಾಲನ್ ಪೆಟ್ರೋಲು ಸುಮಾರು 6 ಪೌಂಡ್ ತೂಗುತ್ತದೆ. ಬ್ಯಾಟರಿ, ಲಂಗರು, ಬೋರ್ಡುಗಳು, ಬ್ಯಾಲಸ್ಟ್ ತೊಟ್ಟಿಯಲ್ಲಿ (ದೋಣಿಯ ಭಾರ ಹೆಚ್ಚಿಸಲು ನೀರು ತುಂಬುವ ತೊಟ್ಟಿ) ಉಳಿದ ನೀರು, ಇವೆಲ್ಲವನ್ನೂ ಟ್ರೇಲರಿನ ಸ್ವಂತ ತೂಕದೊಂದಿಗೆ ಕೂಡಿಸಬೇಕು. ಒಟ್ಟು ತೂಕ 4,500 ಪೌಂಡ್ ಮೀರಿದರೆ ಟೆಕ್ಸಾಸ್‌ನಲ್ಲಿ ಟ್ರೇಲರಿಗೆ ಬ್ರೇಕ್ ಕಡ್ಡಾಯ. ಎಳೆಯುವ ವಾಹನ ನಿಧಾನಿಸಿದಾಗ ಟ್ರೇಲರಿನ ಒತ್ತಡದಿಂದಲೇ ಕೆಲಸ ಮಾಡುವ ಇದರ ಸರ್ಜ್ ಬ್ರೇಕು ಇಳಿಜಾರಿನಲ್ಲಿಯೂ ಭರವಸೆ ಮೂಡಿಸಿದೆ.

ಚೌಕಟ್ಟಿಗೆ ಬಳಿದಿರುವುದು ಬಣ್ಣ ಮಾತ್ರ. ಸಿಹಿನೀರಿನ ಸರೋವರಕ್ಕೆ ಅದು ಸಾಕು, ಆದರೆ ಫ್ಲಾರಿಡಾದ ಸಮುದ್ರ ತೀರದಲ್ಲಿರುವವರು ಸತುವಿನ ಲೇಪನವಿರುವುದನ್ನೇ ಆರಿಸಬೇಕು. ಒಂದು ಚಕ್ರದ ಬೇರಿಂಗಿನ ಸೀಲು ಮೊದಲ ವರ್ಷವೇ ಸೋರಿದ್ದು ನನಗೆ ನಿಜಕ್ಕೂ ಬೇಸರ ತಂದಿತು. ಹೆದ್ದಾರಿಯಲ್ಲಿ ಕಾದ ಹಬ್ (ಬೇರಿಂಗ್ ಇರುವ ಚಕ್ರದ ನಡುಭಾಗ) ತಣ್ಣನೆಯ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುವುದರಿಂದ, ಈಗ ಇಳಿಸುವ ಮುನ್ನ ಸ್ವಲ್ಪ ಹೊತ್ತು ಕಾಯುತ್ತೇನೆ.