15 ಜಾಝ್ ಎಲ್‌ಪಿ, 14,000 ರೂಪಾಯಿ: ನಾನು ಟೋಪಿ ಹಾಕಿಸಿಕೊಂಡ ಕಥೆ

ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕೇಳಿ ಬೆಳೆದ ಕಿವಿ ನನ್ನದು. ಅದೇ ವಾದ್ಯ ಅಮೆರಿಕದವರ ಕೈಯಲ್ಲಿ ಹೇಗೆ ಮಾತಾಡುತ್ತೆ ನೋಡೋಣ ಅಂತ ಜಾಝ್ ಹುಚ್ಚು ಹತ್ತಿತು. ಚಿಕ್ಕಮಗಳೂರಿನಲ್ಲಿ ಕೂತು ಜಾಝ್ ಎಲ್‌ಪಿ, ಅಂದರೆ ದೊಡ್ಡ ಗ್ರಾಮಫೋನ್ ಪ್ಲೇಟು, ಹುಡುಕೋಕೆ ಫೋನೇ ಗತಿ. ಜೂನ್‌ನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. 'ಹೊಸಬರಿಗೆ ಬೇಕೇ ಬೇಕಾದ 15 ಜಾಝ್ ಎಲ್‌ಪಿ, ಪೂರ್ತಿ ಸೆಟ್ 14,000.' ನೀಲಿ ಬೆಡ್‌ಶೀಟ್ ಮೇಲೆ ಸಾಲಾಗಿ ಹರಡಿದ ಕವರ್‌ಗಳ ಫೋಟೊ. ಯಾವುದನ್ನು ಕೊಳ್ಳೋದು ಅಂತ ತಲೆ ಕೆಡಿಸಿಕೊಳ್ಳೋದು ತಪ್ಪಿತಲ್ಲ ಅಂತ ಯುಪಿಐನಲ್ಲಿ ದುಡ್ಡು ಹಾಕಿಬಿಟ್ಟೆ.

ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಕವರ್‌ನಲ್ಲಿದ್ದ ಪ್ಲೇಟನ್ನು ವಾರಗಟ್ಟಲೆ ಹಾಕಿಕೊಂಡು ಕಾಫಿ ಕುಡಿದೆ. ಟ್ರಂಪೆಟ್ ಇತ್ತು, ಸ್ಯಾಕ್ಸೋಫೋನ್ ಇತ್ತು. ಆಹಾ ಅಂತ ತಲೆಯನ್ನೂ ಆಡಿಸಿದೆ. ಹೇಳೋಕೆ ನಾಚಿಕೆ.

ಕಳ್ಳತನ ಹಿಡಿದದ್ದು ವೀಣೆ ಪಾಠ ಹೇಳುವ ಪಕ್ಕದ ಮನೆ ಅಕ್ಕ. ಪಿಯಾನೊ ವಾದಕ ಡೇವ್ ಬ್ರೂಬೆಕ್‌ನ 'ಟೈಮ್ ಔಟ್' ಎಲ್‌ಪಿಯಲ್ಲಿ 'ಟೇಕ್ ಫೈವ್' ಅಂತ ಇದೆ. ಅವನ ತಂಡದ ಸ್ಯಾಕ್ಸೋಫೋನ್ ವಾದಕ ಪಾಲ್ ಡೆಸ್ಮಂಡ್ ಮಾಡಿದ್ದು, ಐದೆಣಿಕೆಯ ತಾಳಕ್ಕೇ ಹೆಸರಾದದ್ದು. "ನಮ್ಮ ಖಂಡಚಾಪಿನ ಹಾಗೆ ಐದು, ಕೇಳಿ ಅಕ್ಕ" ಅಂತ ಜಂಬದಿಂದ ಹಾಕಿದೆ. ಅಕ್ಕ ತೊಡೆ ಮೇಲೆ ತಟ್ಟಿ ಎಣಿಸಿದರು. "ಐದೆಲ್ಲಿದೆಯೋ? ನಾಲ್ಕೇ ಬೀಳ್ತಿದೆ." ಮತ್ತೆ ಎಣಿಸಿದರು. ನಾಲ್ಕೇ. ಫೋನಿನಲ್ಲಿ ಅಸಲಿ ಹಾಕಿದೆ. ಡ್ರಮ್ ಶುರುವಾಗಿ ಪಿಯಾನೊ ಸೇರುತ್ತಲೇ ಅವರ ಕೈ ತಾನಾಗಿ ಐದಕ್ಕೆ ಬಂತು. ಇದು ಖಂಡಚಾಪಿನ ಹಾಗೆ ಎರಡು-ಮೂರಲ್ಲ, ಮೂರು-ಎರಡು ಅಂತ ನನ್ನನ್ನು ತಿದ್ದಿದರು ಕೂಡ.

ಆಮೇಲೆ ಒಂದೊಂದನ್ನೇ ಬೆಳಕಿಗೆ ಹಿಡಿದೆ. 'ಕೈಂಡ್ ಆಫ್ ಬ್ಲೂ'ನಲ್ಲಿ ಇರೋದು ಐದೇ ಟ್ರ್ಯಾಕ್, ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು. ಟ್ರ್ಯಾಕ್‌ಗಳ ನಡುವೆ ತೆಳ್ಳಗೆ ಹೊಳೆಯುವ ಗೆರೆ ಇರುತ್ತಲ್ಲ, ಅದನ್ನು ಎಣಿಸಿದರೆ ಗೊತ್ತಾಗುತ್ತೆ. ನನ್ನದರಲ್ಲಿ ಒಂದೊಂದು ಕಡೆ ಆರಾರು! ಮಳೆಗಾಲದ ಥಂಡಿಗೆ ಲೇಬಲ್ ಅಂಚು ಎದ್ದಿತ್ತು. ಉಗುರಲ್ಲಿ ಎಬ್ಬಿಸಿದರೆ ಅಡಿಯಲ್ಲಿ ಇನ್ನೊಂದು ಲೇಬಲ್, ಕೆಂಪು ಬಣ್ಣದ್ದು. ಲೂಯಿ ಆರ್ಮ್‌ಸ್ಟ್ರಾಂಗ್‌ನ 'ಹಾಟ್ ಫೈವ್' ತಂಡದ ಪ್ಲೇಟಿನ ಮೇಲೆ 'ಅಸಲಿ ಸ್ಟೀರಿಯೊ' ಸ್ಟಿಕ್ಕರ್ ಬೇರೆ. ಆ ತಂಡದ ಹಾಡುಗಳು 1925ರಿಂದ 1928ರವರೆಗೆ ರೆಕಾರ್ಡ್ ಆದವು, ಎಲ್ಲಾ ಮೋನೊ, ಅಂದರೆ ಸ್ಟೀರಿಯೊದ ಹಾಗೆ ಎಡಕ್ಕೊಂದು ಬಲಕ್ಕೊಂದು ಸದ್ದಿಲ್ಲದವು. 15ರಲ್ಲಿ ಎರಡು ಮಾತ್ರ ಅಸಲಿ, ಅವಕ್ಕೂ ಬೂಷ್ಟು.

ಅಷ್ಟರಲ್ಲಿ ಮೂರು ವಾರ ಕಳೆದಿತ್ತು, ಮಾರಿದ ಪುಣ್ಯಾತ್ಮ ನನ್ನನ್ನು ಬ್ಲಾಕ್ ಮಾಡಿದ್ದ. ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ. ದುಡ್ಡು ಮಾತ್ರ ಬರಲಿಲ್ಲ. ನಿಮಗೆ ಹೀಗಾದರೆ ನನ್ನ ಹಾಗೆ ತಡ ಮಾಡದೆ ಅವತ್ತೇ ಮಾಡಿ.

ಈಗ ಸೆಟ್ ಕಡೆ ತಲೆ ಹಾಕಲ್ಲ. ಮೊದಲು ಫೋನಿನಲ್ಲಿ ಹತ್ತು ಸಲ ಕೇಳಿ, ಮನಸ್ಸಿಗೆ ಹಿಡಿಸಿದ ಒಂದನ್ನು ಮಾತ್ರ ಕೊಳ್ಳುತ್ತೇನೆ. ಲೇಬಲ್ ಸುತ್ತಲಿನ ಖಾಲಿ ಪಟ್ಟಿಯಲ್ಲಿ ಕೆತ್ತಿರುವ, ಅದು ಯಾವ ಪ್ಲೇಟು ಅಂತ ಹೇಳುವ ನಂಬರಿನ ಫೋಟೊ ಕೇಳುತ್ತೇನೆ. ಕಳಿಸಲ್ಲ ಅಂದರೆ ಬೇಡ. ವರ್ಷದಲ್ಲಿ ಬಂದದ್ದು ಮೂರೇ: ಅಸಲಿ 'ಕೈಂಡ್ ಆಫ್ ಬ್ಲೂ', 'ಟೈಮ್ ಔಟ್', ಬಾಸ್ ವಾದಕ ಚಾರ್ಲ್ಸ್ ಮಿಂಗಸ್‌ನ 'ಮಿಂಗಸ್ ಆ ಅಮ್'. ಮೂರೂ 1959ರವು. ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್‌ನ 'ಎ ಲವ್ ಸುಪ್ರೀಮ್' ಇನ್ನೂ ನನಗೆ ಪೂರ್ತಿ ದಕ್ಕಿಲ್ಲ, ಸದ್ಯಕ್ಕೆ ಫೋನಲ್ಲೇ ಇರಲಿ.

ಮೊನ್ನೆ ಹಾಸನದ ಗೆಳೆಯ ಒಂದು ಜಾಹೀರಾತು ಕಳಿಸಿ "ತಗೊಳ್ಳಲಾ?" ಅಂತ ಕೇಳಿದ. ಮಾರುವವನ ಹೆಸರು ಬೇರೆ, ರೇಟು 16,000. ಬೆಡ್‌ಶೀಟ್ ಮಾತ್ರ ಅದೇ ನೀಲಿ.