ಪಾರಂಪರಿಕ ಬೀದಿಯಲ್ಲಿ ಹೊಸ ಕಟ್ಟಡ: ಮೈಸೂರಿನ ಒಂದು ವಿನ್ಯಾಸ ಕಚೇರಿಯ ಕೆಲಸ ಹೇಗಿದೆ?

ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಹಳೇ ಅಂಗಡಿ ತೆಗೆದು ಹೊಸದು ಕಟ್ಟುವವರು ಈ ಆರ್ಕಿಟೆಕ್ಟ್ ಕಚೇರಿಗೆ ಧೈರ್ಯವಾಗಿ ಕೆಲಸ ಒಪ್ಪಿಸಬಹುದು. ಅಕ್ಕಪಕ್ಕದ ಕಟ್ಟಡಗಳ ಸೂರು, ಕಿಟಕಿ, ಜಗಲಿಯ ಮಟ್ಟಗಳನ್ನು ಅಳೆದು, ಹೊಸ ಮುಂಭಾಗದ ಗೆರೆಗಳನ್ನು ಅದಕ್ಕೇ ಹೊಂದಿಸುತ್ತಾರೆ. ಸುಮ್ಮನೆ ಕಮಾನು ಅಂಟಿಸಿ ಹಳೆಯದರಂತೆ ತೋರಿಸುವ ಚಾಳಿ ಇಲ್ಲ, ಅದು ದೊಡ್ಡ ಸಮಾಧಾನ.

ಪಾಯದ ನಕ್ಷೆಯೇ ಇವರ ಬಲ. ಸುಣ್ಣದ ಗಾರೆಯ ಹಳೇ ಗೋಡೆಯ ಪಕ್ಕ ಉದ್ದಕ್ಕೂ ಜೆಸಿಬಿ ಇಳಿಸಿದರೆ ಬುಡದ ಮಣ್ಣು ಸಡಿಲಗೊಂಡು, ಮಳೆ ಹಿಡಿದೊಡನೆ ಗೋಡೆ ಬಿರಿಯುತ್ತದೆ. ಇವರು ನಾಲ್ಕು ಅಡಿಗೊಂದು ಭಾಗ ಮಾಡಿ, ಒಂದು ಬಿಟ್ಟು ಒಂದನ್ನು ಕೈಯಲ್ಲೇ ಅಗೆಸುತ್ತಾರೆ. ಕಾಂಕ್ರೀಟ್ ಗಟ್ಟಿಯಾದ ಮೇಲಷ್ಟೇ ಮುಂದಿನದು. ಎರಡು ಗೋಡೆಗಳ ನಡುವೆ ಎರಡು ಇಂಚು ಸಂದು, ನೀರಿಳಿಯದಂತೆ ಮೇಲೊಂದು ತಗಡು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ, 2016ರಲ್ಲಿ ಇದೇ ಮಾರುಕಟ್ಟೆಯ ಭಾಗ ಕುಸಿದ ಊರಿನಲ್ಲಿ ಇಷ್ಟು ಎಚ್ಚರ ಬೇಕೇ ಬೇಕು.

ಕೊರತೆಯೆಂದರೆ, ಪಕ್ಕದ ಹಳೇ ಗೋಡೆಯ ತೇಪೆಗೆ ಸಿಮೆಂಟ್ ಬಳಸಿ ಎಂದು ನಕ್ಷೆಯಲ್ಲಿ ಬರೆದಿದ್ದಾರೆ. ತೇವ ಒಳಗೇ ಸಿಕ್ಕಿಕೊಂಡು ಹಳೇ ಗಾರೆ ಪುಡಿಯಾಗುತ್ತದೆ. ಒಂದು ಪಾಲು ಸುಣ್ಣ, ಮೂರು ಪಾಲು ಮರಳು ಎಂದು ತಿದ್ದಿಸಿಕೊಳ್ಳಿ. ಅನುಮತಿಗೆ ಓಡಾಡುವ ಕೆಲಸ ಶುಲ್ಕದಲ್ಲಿ ಸೇರಿಲ್ಲ, ಮೊದಲೇ ಮಾತಾಡಿಕೊಳ್ಳಿ.